ಅಂಗಡಿ ಮಳಿಗೆಗೆ ರ‍್ಯಾಂಪ್ ಕಡ್ಡಾಯವೇ? ಎಷ್ಟು ಇಳಿಜಾರು ಇರಬೇಕು?

ಕಡ್ಡಾಯ, ಖಾಸಗಿ ಕಟ್ಟಡವಾದರೂ ಅಷ್ಟೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ, ನಕ್ಷೆ ನಿಯಮಕ್ಕೆ ಹೊಂದದಿದ್ದರೆ ಕಟ್ಟಲು ಅನುಮತಿ ಕೊಡುವಂತಿಲ್ಲ.

ಎಡವಟ್ಟಾಗುವುದು ಜಾಸ್ತಿ ಇಳಿಜಾರಿನಲ್ಲೇ. ಲೆಕ್ಕ 1:12. ಅಂದರೆ ಮಳಿಗೆ ರಸ್ತೆಗಿಂತ ಒಂದೂವರೆ ಅಡಿ ಮೇಲಿದ್ದರೆ ರ‍್ಯಾಂಪ್ 18 ಅಡಿ ಉದ್ದ ಬೇಕು. ಜಾಗ ಇಲ್ಲ ಅಂತ ಆರಡಿಯಲ್ಲಿ ಮುಗಿಸಿದರೆ ಅದು ಬೈಕ್ ಹತ್ತಿಸಲು ಸರಿ, ಗಾಲಿಕುರ್ಚಿಗಲ್ಲ. ಸುಮ್ನೆ ಅಂದಕ್ಕೆ ನುಣುಪು ಗ್ರಾನೈಟ್ ಹಾಕಿಸಬೇಡಿ, ಮಳೆಯಲ್ಲಿ ಜಾರುತ್ತದೆ. ಎರಡೂ ಕಡೆ ಕೈಕಂಬಿ ಇರಲಿ. ಬಾಗಿಲು ಕನಿಷ್ಠ 900 ಮಿ.ಮೀ. ತೆರೆಯಬೇಕು. ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯುವಂತಿರಲಿ; ಒಳಗೆ ಯಾರಾದರೂ ಬಿದ್ದರೆ ಎತ್ತಲು ಆಗಬೇಕು ಅಲ್ವಾ?

ಕಾಯ್ದೆ ಮೀರಿದರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಆಮೇಲೆ 50,000ದಿಂದ 5 ಲಕ್ಷ.