ಮಗಳದ್ದು 4, ಅಳಿಯಂದು 17

ಪ್ರಶ್ನೆ: ಸರ್, ನನ್ನ ಮಗಳು ಗಣಿತದಲ್ಲಿ ಪಿಎಚ್‌ಡಿ ಮುಗಿಸಿ ಪೋಸ್ಟ್‌ಡಾಕ್ ಮಾಡ್ತಿದಾಳೆ. ಅಳಿಯ ಕ್ಯಾನ್ಸರ್ ಬಯಾಲಜಿ ಲ್ಯಾಬ್‌ನಲ್ಲಿದಾರೆ, ಇಬ್ರದ್ದೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಮೊನ್ನೆ ಹಬ್ಬಕ್ಕೆ ಎಲ್ಲಾ ಸೇರಿದಾಗ ಬೀಗರ ಕಡೆಯವ್ರೊಬ್ರು ಫೋನಲ್ಲಿ ಸಂಶೋಧನಾ ಲೇಖನ ಹುಡುಕೋ ಗೂಗಲ್ ಸ್ಕಾಲರ್ ತೆಗೆದು ಎಲ್ರಿಗೂ ತೋರಿಸಿದ್ರು, ಅಳಿಯಂದು ಎಚ್-ಇಂಡೆಕ್ಸ್ 17, ಮಗಳದ್ದು 4. ಅವಳು ಏನೂ ಮಾತಾಡ್ದೆ ಊಟ ಅರ್ಧಕ್ಕೆ ಬಿಟ್ಟು ಎದ್ಲು. ನಿಜವಾಗ್ಲೂ ಹಿಂದೆ ಬಿದ್ದಿದಾಳಾ? (ಒಬ್ಬ ತಾಯಿ, ಶಿರಸಿ)

ಉತ್ತರ: ಆ ಎರಡು ನಂಬರ್ ನೋಡಿ ಹಾಗಂತ ಹೇಳೋಕೆ ಬರಲ್ಲ ಅಮ್ಮ. ಅವೆರಡನ್ನ ಪಕ್ಕಪಕ್ಕ ಇಟ್ಟಿದ್ದೇ ತಪ್ಪು, ಅಡಿಕೆ ತೋಟದ ಫಸಲನ್ನ ಭತ್ತದ ಗದ್ದೆ ಫಸಲಿನ ಜೊತೆ ಕ್ವಿಂಟಾಲ್ ಲೆಕ್ಕದಲ್ಲಿ ತೂಗಿದ ಹಾಗೆ.

ಮೊದ್ಲು ಆ 4 ಅಂದ್ರೆ ಏನು ನೋಡಿ. ಕನಿಷ್ಠ 4 ಸಲ ಬೇರೆ ಲೇಖನಗಳಲ್ಲಿ ಉಲ್ಲೇಖ ಆಗಿರೋ ಪೇಪರ್ ಅವಳ ಹತ್ರ 4 ಇವೆ ಅಂತ, ಅಷ್ಟೇ. ಆ ನಾಲ್ಕರಲ್ಲಿ ಒಂದಕ್ಕೆ 500 ಉಲ್ಲೇಖ ಬಂದ್ರೂ ನಂಬರ್ 4ರಲ್ಲೇ ನಿಂತಿರುತ್ತೆ. ಈ ಲೆಕ್ಕ ಹುಟ್ಟಿಸಿದ್ದು ಹೋರ್ಹೆ ಹಿರ್ಷ್ ಅನ್ನೋ ಭೌತವಿಜ್ಞಾನಿ, ಕ್ಯಾಲಿಫೋರ್ನಿಯಾದವ್ರು, 2005ರಲ್ಲಿ. ಅವ್ರೇ ಆ ಪೇಪರಲ್ಲಿ ಜೀವವಿಜ್ಞಾನದವ್ರ ನಂಬರ್ ಫಿಸಿಕ್ಸ್‌ನವ್ರಿಗಿಂತ ತುಂಬಾ ಜಾಸ್ತಿ ಇರುತ್ತೆ ಅಂತ ಬರೆದಿದ್ರು, ಫಿಸಿಕ್ಸ್‌ನಲ್ಲಿ ಎಡ್ವರ್ಡ್ ವಿಟ್ಟನ್‌ಗೆ 110, ಜೀವವಿಜ್ಞಾನದಲ್ಲಿ ಸಾಲೊಮನ್ ಸ್ನೈಡರ್‌ಗೆ 191. ವಿಟ್ಟನ್ ಸಣ್ಣ ವಿಜ್ಞಾನಿ ಅಂತ ಯಾರಾದ್ರೂ ಹೇಳ್ತಾರಾ?

ಯಾಕೆ ಹೀಗೆ ಅಂದ್ರೆ, ಬಯಾಲಜಿ ಲ್ಯಾಬಲ್ಲಿ ಎಂಟ್ಹತ್ತು ಜನ ಸೇರಿ ಒಂದು ಪೇಪರ್ ಬರೀತಾರೆ, ಒಬ್ಬೊಬ್ರೂ ಇನ್ನೂ ಮೂರ್ನಾಲ್ಕು ಪೇಪರಲ್ಲಿ ಪಾಲು ಇಟ್ಕೊಂಡಿರ್ತಾರೆ, ಕೊನೇಲಿ ಕೊಡೋ ಆಕರಗಳ ಪಟ್ಟಿನೂ ಉದ್ದ, ಕ್ಯಾನ್ಸರ್ ಮೇಲೆ ಕೆಲಸ ಮಾಡೋರು ಲೋಕದ ತುಂಬಾ ಇದಾರೆ, ಹಾಗಾಗಿ ಉಲ್ಲೇಖ ಬೇಗ ಬೇಗ ಬೀಳ್ತಾವೆ. ಗಣಿತದಲ್ಲಿ ಒಬ್ರೋ ಇಬ್ರೋ ಕೂತು ವರ್ಷಗಟ್ಲೆ ಒಂದೇ ಪ್ರಮೇಯದ ಹಿಂದೆ ಬೀಳ್ತಾರೆ, ಬರೆದ್ಮೇಲೆ ಪ್ರೂಫ್ ಸರಿ ಇದೆಯಾ ಅಂತ ರೆಫರಿ (ಅಚ್ಚಿಗೆ ಮುಂಚೆ ಪರಿಶೀಲಿಸೋ ತಜ್ಞ) ನೋಡೋಕೇ ಎಷ್ಟೋ ಸಲ ವರ್ಷ ದಾಟುತ್ತೆ, ಅದು ಅರ್ಥ ಆಗೋ ಮಂದಿನೂ ಕಮ್ಮಿ.

ಉಲ್ಲೇಖ ಜಾಸ್ತಿ ಇದ್ದಿದ್ದೆಲ್ಲಾ ದೊಡ್ಡ ಕೆಲಸ ಅಂತಾನೂ ಅಲ್ಲ. 1951ರಲ್ಲಿ ಆಲಿವರ್ ಲೌರಿ ಮತ್ತೆ ಜೊತೆಗಾರರು ಪ್ರೋಟೀನ್ ಅಳೆಯೋ ಒಂದು ವಿಧಾನ ಬರೆದ್ರು, ಅದಕ್ಕೆ 3 ಲಕ್ಷಕ್ಕೂ ಮೇಲೆ ಉಲ್ಲೇಖ ಬಂದಿದೆ, ಆದ್ರೆ ಅದೇನೂ ಮಹಾ ಪೇಪರಲ್ಲ ಅಂತ ಲೌರಿನೇ ಒಪ್ಕೊಂಡಿದ್ರು. ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವ್ರ 1945ರ ಪೇಪರ್ ನೋಡಿ, ಕಲ್ಕತ್ತಾದ ಗಣಿತ ಸೊಸೈಟಿಯ ಬುಲೆಟಿನ್‌ನಲ್ಲಿ ಬಂದಿದ್ದು. ಅದರಲ್ಲಿದ್ದಿದ್ದು ಈಗ ಕ್ರೇಮರ್-ರಾವ್ ಬೌಂಡ್, ರಾವ್-ಬ್ಲ್ಯಾಕ್‌ವೆಲ್ ಪ್ರಮೇಯ ಅಂತ ಪಠ್ಯಪುಸ್ತಕದಲ್ಲೇ ಇದೆ, ಬಳಸೋರಲ್ಲಿ ಎಷ್ಟೋ ಜನ ಹೆಸರು ಹೇಳಿ ಮುಂದೆ ಹೋಗ್ತಾರೆ, ಮೂಲ ಪೇಪರ್ ಪಟ್ಟಿಗೆ ಹಾಕಲ್ಲ. ಅಂದ್ರೆ ಕೆಲಸ ಅಷ್ಟು ಆಳಕ್ಕಿಳಿದ್ರೆ ಎಣಿಕೆಗೆ ಪೂರ್ತಿ ಸಿಗಲ್ಲ! ಸಂಖ್ಯಾಶಾಸ್ತ್ರದ ಅಂತಾರಾಷ್ಟ್ರೀಯ ಬಹುಮಾನ ಅವ್ರಿಗೆ ಬಂದಿದ್ದು 2023ರಲ್ಲಿ.

ಮಗಳ ಹತ್ರ ನಂಬರ್ ಬಗ್ಗೆ ಕೇಳ್ಬೇಡಿ ಅಮ್ಮ. ನಿನ್ನ ಪ್ರಮೇಯ ಏನು ಹೇಳುತ್ತೆ, ನಂಗೆ ಅರ್ಥ ಆಗೋ ಹಾಗೆ ಹೇಳು ಅಂತ ಕೇಳಿ, ಪೂರ್ತಿ ಅರ್ಥ ಆಗ್ದಿದ್ರೂ ಪರ್ವಾಗಿಲ್ಲ. ಹೋಲಿಸಲೇಬೇಕು ಅಂದ್ರೆ ಅದೇ ವಿಭಾಗದಲ್ಲಿ ಅವಳ ಜೊತೆಗೇ ಪಿಎಚ್‌ಡಿ ಮುಗಿಸಿದವ್ರ ಜೊತೆ ಹೋಲಿಸಿ. ಬೀಗರಿಗೆ ಈ ಪುಟ ಹರಿದು ಕೊಟ್ರೂ ನಂಗೆ ಸಂತೋಷಾನೇ.

ಪ್ರಶ್ನೆ: 20 ವರ್ಷದಿಂದ ಶಾಸನಗಳ ಬಗ್ಗೆ ಕನ್ನಡದಲ್ಲಿ ಬರೀತಿದೀನಿ. ಉಲ್ಲೇಖ ಎಣಿಸೋ ಸ್ಕೋಪಸ್ ಅನ್ನೋ ಡೇಟಾಬೇಸ್‌ನಲ್ಲಿ ನಂದು ಸೊನ್ನೆ. ಇಂಗ್ಲಿಷಿಗೆ ಹೋಗ್ಲೇಬೇಕಾ? (ಕಾಲೇಜು ಅಧ್ಯಾಪಕ, ಹಾಸನ)

ಉತ್ತರ: ಶಾಸನ ಓದೋರು ಕನ್ನಡದಲ್ಲೇ ಇರುವಾಗ ಯಾಕೆ ಹೋಗ್ಬೇಕು ಸರ್? ಸ್ಕೋಪಸ್ ಎಣಿಸೋದು ತಾನು ಆರಿಸ್ಕೊಂಡ ಪತ್ರಿಕೆಗಳನ್ನ, ಅದರಲ್ಲಿ ಬಹುಪಾಲು ಇಂಗ್ಲಿಷಿನವು. ನಿಮ್ಮ ಸೊನ್ನೆ ಅಂದ್ರೆ ಅವ್ರು ಎಣಿಸಿಲ್ಲ ಅಂತ, ಯಾರೂ ಓದಿಲ್ಲ ಅಂತಲ್ಲ. ಸಂಶೋಧನೆ ಅಳೆಯೋ ಅಂಕಿಗಳನ್ನ ಹೇಗೆ ಬಳಸ್ಬೇಕು ಅಂತ 2015ರಲ್ಲಿ ಬಂದ ಲೈಡನ್ ಮ್ಯಾನಿಫೆಸ್ಟೋದಲ್ಲೂ ಸ್ಥಳೀಯ ಮಹತ್ವದ ಸಂಶೋಧನೆ ಕಾಪಾಡಿ ಅಂತ ಒಂದು ಸೂತ್ರ ಇದೆ, ಪ್ರಮೋಷನ್ ಕಮಿಟಿ ಮುಂದೆ ಅದನ್ನ ಧೈರ್ಯವಾಗಿ ಇಡಿ. ಪ್ರತಿ ಲೇಖನಕ್ಕೂ ಇಂಗ್ಲಿಷಲ್ಲಿ ಒಂದು ಪ್ಯಾರಾ ಸಾರಾಂಶ ಸೇರಿಸಿ, ಹುಡುಕೋರಿಗೆ ಸಿಗುತ್ತೆ. ಇನ್ನೊಂದು, ಇನಿಷಿಯಲ್ ಒಂದ್ಸಲ ಮುಂದೆ, ಒಂದ್ಸಲ ಹಿಂದೆ, ಇನ್ನೊಂದ್ಸಲ ಬಿಡಿಸಿ ಬರೆದ್ರೆ ಕಂಪ್ಯೂಟರ್‌ಗೆ ನೀವು ಮೂರು ಜನ, ಅದಕ್ಕೇ ಆರ್ಕಿಡ್ (ORCID) ಐಡಿ, ಅಂದ್ರೆ ಸಂಶೋಧಕರಿಗೆ ಒಬ್ಬೊಬ್ರಿಗೂ ಕೊಡೋ ಗುರುತಿನ ಸಂಖ್ಯೆ, ಮಾಡಿಸ್ಕೊಳ್ಳಿ, ಕಾಸಿಲ್ಲ. ದುಡ್ಡು ಕೊಟ್ರೆ ಎರಡು ವಾರದಲ್ಲಿ ನಿಮ್ಮ ಲೇಖನ ಹಾಕ್ತೀವಿ ಅಂತ ಮೇಲ್ ಬಂದ್ರೆ ಮಾತ್ರ ದಯವಿಟ್ಟು ಡಿಲೀಟ್ ಮಾಡಿ.