ಸರದಿ ನಿಯಮವನ್ನು ತಿರುಗಿಸಿ ಓದುವವರಿಗೆ

ಪ್ರಶ್ನೆ: ಲಾಜಿಕ್ ಗೇಮ್‌ನಲ್ಲಿ, ಅಂದರೆ ಕೊಟ್ಟ ನಿಯಮಗಳಿಂದ ಯಾರ ಸರದಿ ಎಲ್ಲಿ ಅಂತ ಕಂಡುಹಿಡಿಯುವ ಪರೀಕ್ಷೆಯ ಒಗಟಿನಲ್ಲಿ, 'ಮುಂಚೆ' ಅಂದರೆ ಪಕ್ಕದ ಜಾಗವೇ?

ಉತ್ತರ: 'ತಕ್ಷಣ ಮುಂಚೆ' ಅಂತ ಬರೆದಿಲ್ಲದಿದ್ದರೆ ಅಲ್ಲ. ಇಲ್ಲದ ಪದ ಸೇರಿಸಬೇಡಿ.

ಪ್ರಶ್ನೆ: ಆರು ಜನ ಒಬ್ಬರಾದ ಮೇಲೆ ಒಬ್ಬರು ಮಾತಾಡುತ್ತಾರೆ. ನಿಯಮ: ಕಮಲಾ ಮೋಹನನಿಗಿಂತ ಮುಂಚೆ ಬಂದರೆ, ತಾರಾ ರವಿಗಿಂತ ಮುಂಚೆ ಬರಬೇಕು. ತಾರಾ ರವಿಗಿಂತ ಮುಂಚೆ ಬಂದಿದ್ದಾಳೆ. ಹಾಗಾದರೆ ಕಮಲಾ ಮೋಹನನಿಗಿಂತ ಮುಂಚೆ ಬಂದಿರಲೇಬೇಕು, ಅಲ್ವಾ?

ಉತ್ತರ: ಖಂಡಿತ ಇಲ್ಲ. ಹೆಸರು ಬದಲಾಯಿಸಿಕೊಂಡು ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಇವತ್ತು ಪೂರ್ತಿ ಬರೆದುಬಿಡುತ್ತೇನೆ.

ಕಮಲಾ ಮುಂಚೆ ಬಂದಾಗ ಮಾತ್ರ ಈ ನಿಯಮಕ್ಕೆ ಕೆಲಸ. ಮೋಹನ ಮುಂಚೆ ಬಂದರೆ ತಾರಾ, ರವಿ ಹೇಗಾದರೂ ಬರಲಿ, ಅದು ಕೇಳುವುದಿಲ್ಲ. ತಾರಾ, ರವಿ, ಮೋಹನ, ಕಮಲಾ ಅಂತ ಸರದಿ ಬರೆದು ನೋಡಿ. ನಿಯಮ ಎಲ್ಲಿ ಮುರಿಯಿತು?

ಈ ಎರಡು ಜೋಡಿಗೆ ನಾಲ್ಕು ಸಾಧ್ಯತೆಗಳಿವೆ. ನಿಯಮ ತಡೆಯುವುದು ಒಂದನ್ನೇ: ಕಮಲಾ ಮೋಹನನಿಗಿಂತ ಮುಂಚೆ, ಜೊತೆಗೆ ರವಿ ತಾರಾಗಿಂತ ಮುಂಚೆ. ಆರು ಜನಕ್ಕೆ ಒಟ್ಟು 720 ಸರದಿ. ಅದರಲ್ಲಿ 180 ಹೋಗಿ 540 ಉಳಿಯುತ್ತವೆ. ನಿಮ್ಮಂತೆ ಓದಿದರೆ ಇನ್ನೂ 180 ಸುಮ್ನೆ ಹೋಗಿ 360 ಉಳಿಯುತ್ತವೆ. 'ಯಾವುದು ಸಾಧ್ಯ' ಅಂತ ಕೇಳಿದಾಗ ಸರಿಯುತ್ತರವನ್ನೇ ಹೊಡೆದುಹಾಕುವುದು ಹೀಗೆ.

ತಿರುಗಿಸಲೇಬೇಕಾದರೆ ಎರಡೂ ಭಾಗಗಳನ್ನು ಉಲ್ಟಾ ಮಾಡಿ, ಅವುಗಳ ಜಾಗವನ್ನೂ ಅದಲುಬದಲು ಮಾಡಿ: ರವಿ ತಾರಾಗಿಂತ ಮುಂಚೆ ಬಂದರೆ, ಮೋಹನ ಕಮಲಾಗಿಂತ ಮುಂಚೆ. ನಾನಂತೂ ಇದನ್ನು ಮೂಲ ನಿಯಮದ ಕೆಳಗೆ ಬರೆಯದೆ ಮೊದಲ ಪ್ರಶ್ನೆ ಮುಟ್ಟುವುದಿಲ್ಲ. ಅತಿ ಎಚ್ಚರಿಕೆ ಅನ್ನಿ, ಪರವಾಗಿಲ್ಲ. ಇನ್ನೊಂದು ವಿಷಯ: 'ಮುಂಚೆ ಅಲ್ಲ' ಅಂದರೆ 'ನಂತರ' ಆಗುವುದು ಒಂದು ಜಾಗಕ್ಕೆ ಒಬ್ಬರೇ ಇದ್ದಾಗ ಮಾತ್ರ. ಇಬ್ಬರು ಒಂದೇ ಜಾಗದಲ್ಲಿ ಬರಬಹುದಾದರೆ 'ಒಟ್ಟಿಗೆ ಅಥವಾ ನಂತರ' ಅಂತ ಬರೆದುಕೊಳ್ಳಿ.

ಪ್ರಶ್ನೆ: 'ರವಿಯು ತಾರಾ, ಮೋಹನ ಇವರಲ್ಲಿ ಒಬ್ಬರಿಗಿಂತ ಮಾತ್ರ ಮುಂಚೆ' ಅಂದರೆ?

ಉತ್ತರ: ರವಿ ಅವರಿಬ್ಬರ ನಡುವೆ ಎಲ್ಲೋ ಇದ್ದಾನೆ. ಮೊದಲ ಜಾಗವೂ ಇಲ್ಲ, ಕೊನೆಯ ಜಾಗವೂ ಇಲ್ಲ.

ಪ್ರಶ್ನೆ: 'ಲೇಬೇಕು' ಅಂತಿರುವ ಆಯ್ಕೆ ಯಾವಾಗಲೂ ತಪ್ಪು ಅಂತ ಕೋಚಿಂಗ್‌ನಲ್ಲಿ ಹೇಳಿಕೊಟ್ಟರು. ನಿಜವೇ?

ಉತ್ತರ: ಫೀಸು ವಾಪಸ್ ಕೇಳಿ. ಕಮಲಾ ಮೋಹನನಿಗಿಂತ ಮುಂಚೆ, ಮೋಹನ ರವಿಗಿಂತ ಮುಂಚೆ ಅಂದಮೇಲೆ ಕಮಲಾ ರವಿಗಿಂತ ಮುಂಚೆ ಬರಲೇಬೇಕು. ಪದ ನೋಡಿ ಉತ್ತರ ಆರಿಸುವುದು ಕವಡೆ ಶಾಸ್ತ್ರ.

ಪ್ರಶ್ನೆ: ಎಲ್‌ಸ್ಯಾಟ್‌ಗೆ (ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆ) ಹಳೆಯ ಲಾಜಿಕ್ ಗೇಮ್ಸ್ ಪುಸ್ತಕ ಕೊಳ್ಳಲೇ?

ಉತ್ತರ: ಬೇಡ. 2024ರ ಆಗಸ್ಟ್‌ನಿಂದ ಆ ಪರೀಕ್ಷೆಯಲ್ಲಿ ಆ ವಿಭಾಗವೇ ಇಲ್ಲ. ಮಾರುವವರು ಮಾತ್ರ ಇನ್ನೂ ಮಾರುತ್ತಿದ್ದಾರೆ.