ಮಗಳನ್ನು ಅಜ್ಜಿ ಹತ್ತಿರ ಬಿಟ್ಟು ಬರಬೇಡಿ

ತಂಗಿ, ಇಂಗ್ಲೆಂಡಿನಲ್ಲಿ ಮಕ್ಕಳು ಬೇಗ ಕೆಡ್ತಾರಂತೆ, ಹನ್ನೆರಡು ವರ್ಷದ ಮಗಳನ್ನು ಚಿಂತಾಮಣಿಯಲ್ಲಿ ಅಜ್ಜಿ ಹತ್ತಿರವೇ ಬಿಟ್ಟು ಬರೋದಾ ಅಂತ ಕೇಳಿದ್ದೀರಿ. ಬೇಡ, ಕರೆದುಕೊಂಡೇ ಬನ್ನಿ. ನೀವು ಕೇಳಿದ ಬೇರೆ ಪ್ರಶ್ನೆಗಳಿಗೆ ಚುಟುಕಾಗಿ: ಮನೆ ಬಾಡಿಗೆ ಜಾಸ್ತಿ, ಸರ್ಕಾರಿ ಸ್ಕೂಲಿಗೆ ಫೀಸಿಲ್ಲ, ಚಳಿ ಅಭ್ಯಾಸವಾಗುತ್ತದೆ. ಉಳಿದದ್ದು ಬಂದ ಮೇಲೆ ಹೇಳ್ತೀನಿ.

ನಾವು ಕೋಲಾರದಿಂದ ಬಂದಾಗ ನನ್ನ ಮಗನಿಗೂ ಅದೇ ವಯಸ್ಸು. ಬೀದಿಯಲ್ಲಿ ಒಬ್ಬರೂ ನಮ್ಮನ್ನು ಗುರುತಿಸದ್ದು ನೋಡಿ ನನಗೆ ಭಯವಾಗಿತ್ತು. ಊರಲ್ಲಿ ಹುಡುಗಿ ಬಸ್ ಸ್ಟ್ಯಾಂಡಿನಲ್ಲಿ ಯಾರ ಜೊತೆ ನಿಂತಿದ್ದಳು ಅನ್ನೋದು ಅವಳಿಗಿಂತ ಮೊದಲೇ ಮನೆ ಮುಟ್ಟುತ್ತದೆ, ಅಲ್ವಾ? ಇಲ್ಲಿ ಸ್ಕೂಲು ಮೂರೂವರೆ ಹೊತ್ತಿಗೆ ಬಿಡುತ್ತದೆ. ನೀವಿಬ್ಬರೂ ಮನೆ ಸೇರೋದು ಆರಕ್ಕೆ. ಹದಿಹರೆಯದವರು ಬೇಗ ದೈಹಿಕ ಸಂಬಂಧಕ್ಕೆ ಹೋಗೋದು ಯಾಕೆ ಅಂತ ಅಧ್ಯಯನ ಮಾಡಿದವರು ಹೇಳೋದರಲ್ಲಿ ಇದೂ ಒಂದು: ದೊಡ್ಡವರಿಲ್ಲದ ಮನೆ. ಜೊತೆಗೆ ಕುಡಿಯುವ ಗೆಳೆಯರು, ವಯಸ್ಸಿನಲ್ಲಿ ತುಂಬಾ ದೊಡ್ಡವನಾದ ಹುಡುಗ, ಮನೆಯಲ್ಲಿ ದಿನಾ ಜಗಳ. ಇವೆಲ್ಲ ಚಿಂತಾಮಣಿಯಲ್ಲೂ ಇವೆ.

ನನಗೆ ಅದಕ್ಕಿಂತ ದೊಡ್ಡ ಭಯ, ಮಕ್ಕಳು ಬಾಯಿಬಿಟ್ಟು ಏನೂ ಕೇಳಲಾಗದ ಮನೆ. ಇಲ್ಲಿ ಹನ್ನೆರಡು ಹದಿಮೂರಕ್ಕೆ ಸ್ಕೂಲಿನಲ್ಲೇ ಎಚ್‌ಪಿವಿ ಲಸಿಕೆ ಹಾಕುತ್ತಾರೆ. ದೈಹಿಕ ಸಂಬಂಧದಿಂದ ಹರಡುವ, ಗರ್ಭಕೊರಳಿನ ಕ್ಯಾನ್ಸರ್ ತರುವ ವೈರಸ್ ತಡೆಯೋಕೆ. 2019ರಿಂದ ಹುಡುಗರಿಗೂ ಇದೆ. ನಮ್ಮ ಕಡೆಯವರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಮಗಳು ಅದರ ಒಪ್ಪಿಗೆ ಪತ್ರ ತಂದಳು. ಅಪ್ಪ ಓದಿ, "ನಮ್ಮ ಮನೆ ಹುಡುಗಿಗೆ ಇದೆಲ್ಲ ಯಾಕೆ?" ಅಂತ ನಾಲ್ಕು ಮಡಿಕೆ ಮಾಡಿ ತಟ್ಟೆ ಕೆಳಗೆ ತುರುಕಿದರು. ಹುಡುಗಿ ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದಳು. ಆಮೇಲೆ ಫೋನ್ ಕಿತ್ತುಕೊಂಡರು, ಹೊರಗೆ ಕಳಿಸೋದು ನಿಲ್ಲಿಸಿದರು. ಅವಳು ಲೈಬ್ರರಿಗೆ ಹೋಗ್ತೀನಿ ಅನ್ನೋದು ಕಲಿತಳು. ಹದಿನೈದನೇ ವಯಸ್ಸಿಗೆ, ಕೆಲಸಕ್ಕೆ ಹೋಗುವ ಒಬ್ಬನ ವಿಷಯಕ್ಕೆ ಸ್ಕೂಲಿನಿಂದ ಫೋನ್ ಬಂತು. ಇಲ್ಲಿ ದೈಹಿಕ ಸಂಬಂಧಕ್ಕೆ ಸಮ್ಮತಿಯ ವಯಸ್ಸು 16, ಹಾಗಾಗಿ ಪೊಲೀಸರೂ ಬಂದರು. ಅವಳನ್ನು ನಾನು ಬೈಯಲಾರೆ. ಏನಾದರೂ ಕೇಳೋಣ ಅಂದರೆ ಆ ಮಗುವಿಗೆ ಮನೆಯಲ್ಲಿ ಯಾರಿದ್ದರು? ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಅಮ್ಮನಿಗೆ ಹೇಳಲಾಗದ್ದನ್ನು ನಾವು ಅತ್ತೆಗೋ ದೊಡ್ಡಮ್ಮನ ಮಗಳಿಗೋ ಹೇಳ್ತಿದ್ದೆವು. ಇಲ್ಲಿ ಅವರೆಲ್ಲರ ಜಾಗದಲ್ಲೂ ನೀವೇ. 2020ರಿಂದ ಹೈಸ್ಕೂಲಿನಲ್ಲಿ ಲೈಂಗಿಕ ಶಿಕ್ಷಣ ಕಡ್ಡಾಯ. ಮಗಳನ್ನು ಆ ಪಾಠದಿಂದ ಬಿಡಿಸಬೇಡಿ, ಅವತ್ತು ಸಂಜೆ ಏನು ಹೇಳಿಕೊಟ್ಟರು ಅಂತ ಕೇಳಿ. ಮಾತಾಡಿದ್ದಕ್ಕೆ ಯಾವ ಮಗುವೂ ಕೆಡೋದಿಲ್ಲ. ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ಶಿಫ್ಟ್ ವಿಚಾರಿಸಿ, ನಾಲ್ಕು ಗಂಟೆಗೆ ಇಬ್ಬರಲ್ಲಿ ಒಬ್ಬರು ಮನೆಯಲ್ಲಿರೋ ಹಾಗೆ ನೋಡಿಕೊಳ್ಳಿ. ಸಂಬಳ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ.